ವಿಶ್ವದ ಮೊದಲ ಬೆಳಗು
(ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಶ್ವದ ಉಗಮವನ್ನು ಕುರಿತು ನಾವು ಪಾಠ ಹೇಳುವಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುವುದು: "ಗುರುಗಳೇ, ಅದನ್ನು ಕಂಡವರು ಯಾರು?" ಇದನ್ನು ನಾವು ಉದ್ಧಟತನವೆಂದು ಎಣಿಸುವುದಿಲ್ಲ. ವಿಜ್ಞಾನವು ಹುಟ್ಟಿರುವುದೇ ಇಂತಹ ಪ್ರಶ್ನೆಗಳಿಂದ.

ಗೆಲಾಕ್ಸಿಗಳೆಂಬ ಮಹಾ ನಕ್ಷತ್ರಸಮೂಹಗಳು ನಮ್ಮಿಂದ ದೂರ ಸರಿಯುತ್ತಿರುವುವೆಂದೂ, ಹೆಚ್ಚು ದೂರದಲ್ಲಿರುವುವು ಹೆಚ್ಚು ವೇಗದಿಂದ ಸರಿಯುವುವೆಂದೂ 1929ರಲ್ಲಿ ಎಡ್ವಿನ್ ಹಬಲ್ ತೋರಿಸಿದನು. ಇಂದು ಅಗಲುತ್ತಿರುವುವು ಹಿಂದೊಮ್ಮೆ ಒತ್ತಾಗಿ ಇದ್ದಿರಬೇಕಷ್ಟೆ. ಹಾಗೆ ಹಿಂದಕ್ಕೆ ಎಣಿಸಿದರೆ, ಸುಮಾರು 1380 ಕೋಟಿ ವರ್ಷಗಳ ಕೆಳಗೆ ವಿಶ್ವವು ಅತಿ ಸಾಂದ್ರವೂ ಅತ್ಯುಷ್ಣವೂ ಆಗಿದ್ದಿತೆಂದು ತಿಳಿದುಬರುವುದು. ಆ ಕಾವಿನ ಶೇಷವನ್ನು 1964-65ರಲ್ಲಿ ಅಮೆರಿಕೆಯ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬುವರು ತಮ್ಮ ರೇಡಿಯೋ ಆಂಟೆನಾದಲ್ಲಿ ಗುರುತಿಸಿದರು. ಅದು ಈಗಲೂ ಎಲ್ಲ ದಿಕ್ಕುಗಳಿಂದ ಬರುತ್ತಲಿದೆ. ಕಂಡವರಿಲ್ಲದಿದ್ದರೂ ಸಾಕ್ಷಿಯುಂಟು, ಆ ಪುರಾತನ ಬೆಳಕೇ ಸಾಕ್ಷಿ.

ಆದರೆ ಸಾಕ್ಷಿಯನ್ನೂ ಪರೀಕ್ಷಿಸಬೇಕು. ಆದಿಯ ಕಾವು ತಣಿದ ಬಳಿಕ ಕೋಟ್ಯಂತರ ವರ್ಷ ವಿಶ್ವವು ಕತ್ತಲೆಯಲ್ಲಿದ್ದಿತು. ಅದರಲ್ಲಿ ತುಂಬಿದ್ದುದು ಬಹುಮಟ್ಟಿಗೆ ಜಲಜನಕ. ಅನಂತರ ಮೊದಲ ನಕ್ಷತ್ರಗಳು ಬೆಳಗಿದುವು. ಜಲಜನಕದ ರೇಡಿಯೋ ತರಂಗದ ಉದ್ದ 21 ಸೆಂಟಿಮೀಟರ್. ವಿಶ್ವವು ಹಿಗ್ಗಿದಂತೆ ಆ ಕಾಲದ ತರಂಗವೂ ಹಿಗ್ಗಿ, ಇಂದು ಕೆಲವು ಮೀಟರ್ ಉದ್ದವಾಗಿ ನಮ್ಮನ್ನು ಮುಟ್ಟಬೇಕು. ಈ ಮೊದಲ ಬೆಳಗಿನ ಗುರುತು ಪಶ್ಚಿಮ ಆಸ್ಟ್ರೇಲಿಯದಲ್ಲಿಟ್ಟ ಉಪಕರಣಕ್ಕೆ ದೊರಕಿತೆಂದು 2018ರಲ್ಲಿ ಅಮೆರಿಕೆಯ ವಿಜ್ಞಾನಿಗಳು ಸಾರಿದರು. ಅದು ಎಣಿಸಿದುದಕ್ಕಿಂತ ಎರಡರಷ್ಟು ಪ್ರಬಲವಾಗಿದ್ದುದರಿಂದ ಲೋಕವೆಲ್ಲ ಬೆರಗಾಯಿತು.

ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಬೆರಗಾಗಿ ಸುಮ್ಮನಾಗಲಿಲ್ಲ. 'ಸರಸ್' ಎಂಬ ಆಂಟೆನಾವನ್ನು ತಾವೇ ನಿರ್ಮಿಸಿ, 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿಯ ಹಿನ್ನೀರಿನ ಮೇಲೂ ತೇಲಿಬಿಟ್ಟರು. ನೀರೇಕೆ? ನೆಲದೊಳಗೆ ಕಲ್ಲು, ಮಣ್ಣು, ತೇವಗಳ ಪದರಗಳಿದ್ದು, ಅವುಗಳಿಂದ ಮರಳುವ ತರಂಗಗಳು ಅಳತೆಯನ್ನು ಕೆಡಿಸುವುವು; ನೀರಾದರೋ ಏಕರೂಪವಾದುದು. ಅಳೆದು ನೋಡಿದಾಗ ಆಸ್ಟ್ರೇಲಿಯದಲ್ಲಿ ಕಂಡ ಗುರುತು ಇಲ್ಲಿ ಕಾಣಲಿಲ್ಲ. ಅದು ಆಕಾಶದಿಂದ ಬಂದುದಲ್ಲವೆಂದು ಶೇಕಡಾ 95ಕ್ಕೂ ಮೀರಿದ ಭರವಸೆಯೊಡನೆ 2022ರಲ್ಲಿ ಪ್ರಕಟಿಸಿದರು.

"ಇಲ್ಲವೆಂದು ಹೇಳಲು ಇಷ್ಟು ಶ್ರಮವೇಕೆ?" ಎನ್ನಬಹುದು. ಮಕ್ಕಳೇ, ಸುಳ್ಳು ಬೆಳಗನ್ನು ನಿಜವೆಂದು ನಂಬಿದವನು ನಿಜವಾದ ಬೆಳಗನ್ನು ಹುಡುಕುವುದನ್ನೇ ಬಿಡುವನು. ಪ್ರಾಮಾಣಿಕವಾದ 'ಇಲ್ಲ'ವೂ ಜ್ಞಾನವೇ.

ಪಾಲಕರೇ, ಗಡಿಯಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿಗೆ ಇಂತಹ ವಿದ್ಯೆ ನಿಲುಕದೆಂಬ ಅಳುಕು ತಮ್ಮಲ್ಲಿ ಹಲವರಿಗಿರುವುದನ್ನು ನಾವು ಬಲ್ಲೆವು. ಕನ್ನಡ ನಾಡಿನ ಒಂದು ಕೆರೆಯ ನೀರು ವಿಶ್ವದ ಕಥೆಯನ್ನು ಪರೀಕ್ಷಿಸಲು ಸಾಕಾಯಿತು. ಕನ್ನಡ ನುಡಿ ಆ ಕಥೆಯನ್ನು ತಿಳಿಸಲು ಸಾಲದೇ? ಝರಾಸಂಗದ ಬಯಲಿನ ಮೇಲೂ ಅದೇ ಪುರಾತನ ಬೆಳಕು ಸುರಿಯುತ್ತಿದೆ. ಇಂದು ರಾತ್ರಿ ಅಂಗಳದಲ್ಲಿ ಮಗುವು "ಕಂಡವರು ಯಾರು?" ಎಂದು ಕೇಳಿದರೆ ಗದರಿಸದಿರಿ, ಪ್ರಶ್ನೆಯನ್ನು ನಾಳೆ ಶಾಲೆಗೆ ಕಳುಹಿಸಿಕೊಡಿ. ಒಟ್ಟಾಗಿ ಉತ್ತರವನ್ನು ಹುಡುಕೋಣ.