ಮರಡಿಹಳ್ಳಿಯ ದಿಂಬುಗಲ್ಲು ಮತ್ತು ಜಿಯೋಪಾರ್ಕ್

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಕಂಪ್ಯೂಟರ್ ಬಿಟ್ಟು ಕಲ್ಲಿನ ಬಗ್ಗೆ ಮಾತಾಡುತ್ತಾನಲ್ಲ ಎಂದು ನಿಮಗೆ ಅನ್ನಿಸಬಹುದು. ನಾನು ಓದಿದ್ದು ಬಿ.ಇ., ಭೂವಿಜ್ಞಾನವಲ್ಲ. ಆದರೆ ನಮ್ಮ ಜಿಲ್ಲೆಯ ಒಂದು ಬಂಡೆಯ ಕಥೆಯನ್ನು ಈ ಶಾಲೆಯ ಮಕ್ಕಳಿಗೆ ಹೇಳಲೇಬೇಕೆಂದು ಬಂದಿದ್ದೇನೆ.

ಚಿತ್ರದುರ್ಗದಿಂದ ಆಗ್ನೇಯಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ ಮರಡಿಹಳ್ಳಿ ಇದೆ. ಅಲ್ಲಿನ ಬಂಡೆ, ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತದೆ. ಇದು ಪಿಲ್ಲೋ ಲಾವಾ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಲಾವಾರಸ ಉಕ್ಕಿತು. ತಣ್ಣೀರು ತಗುಲಿದ ಕೂಡಲೇ ಹೊರಮೈ ಗಟ್ಟಿಯಾಯಿತು, ಒಳಗೆ ಇನ್ನೂ ಕುದಿಯುತ್ತಲೇ ಇತ್ತು. ಆ ಸಿಪ್ಪೆ ಒಡೆದು ರಸ ಮುಂದಕ್ಕೆ ಜಿನುಗಿ ಇನ್ನೊಂದು ದಿಂಬಾಯಿತು, ಅದರಿಂದ ಮತ್ತೊಂದು. ಪ್ರತಿ ದಿಂಬಿನ ಮೇಲ್ಭಾಗ ಉಬ್ಬು. ಕೆಳಭಾಗ ಅಡಿಯಲ್ಲಿದ್ದ ದಿಂಬುಗಳ ಸಂದಿಗೆ ಇಳಿದಿರುತ್ತದೆ. ಹಾಗಾಗಿ ಪದರ ಎಷ್ಟೇ ಓರೆಯಾಗಿರಲಿ, ಆಗ ಮೇಲಿದ್ದದ್ದು ಯಾವ ಕಡೆ ಎಂದು ಹೇಳಬಹುದು. ಬರಗಾಲದ ಜಿಲ್ಲೆ ಎಂದು ಹೆಸರಾದ ನಮ್ಮ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು! ಸಾಕ್ಷಿ ಇನ್ನೂ ಬಿಸಿಲಲ್ಲಿ ಬಿದ್ದಿದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿಗೂ ಇದೇ ಗೌರವ. ಅವೆರಡನ್ನೂ ಜನ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಮರಡಿಹಳ್ಳಿಗೆ ಹೋಗುವವರು ಹೆಚ್ಚಾಗಿ ಭೂವಿಜ್ಞಾನದ ವಿದ್ಯಾರ್ಥಿಗಳೇ.

ಜಿಯೋಪಾರ್ಕ್ ಎಂದರೆ ಬೇಲಿ ಹಾಕಿದ ಪಾರ್ಕ್ ಅಲ್ಲ. ಊರು, ಹೊಲ, ದೇವಸ್ಥಾನ, ಸಂತೆ ಎಲ್ಲವೂ ಅದರೊಳಗೇ ಇರುತ್ತವೆ. ಜನ ಎಂದಿನಂತೆ ಬದುಕುತ್ತಾ ತಮ್ಮ ನೆಲದ ಕಥೆಯನ್ನು ಬಂದವರಿಗೆ ಹೇಳಿ, ಅದರಿಂದ ನಾಲ್ಕು ಕಾಸು ಸಂಪಾದಿಸುತ್ತಾರೆ. ಅಲ್ಲಿನ ಕಲ್ಲು, ಪಳೆಯುಳಿಕೆ ಮಾರುವ ವ್ಯಾಪಾರಕ್ಕೆ ಮಾತ್ರ ಅವಕಾಶವಿಲ್ಲ. ಯುನೆಸ್ಕೊ 2015ರಿಂದ ಈ ಮಾನ್ಯತೆ ಕೊಡುತ್ತಿದೆ. ನಾಲ್ಕು ವರ್ಷಕ್ಕೊಮ್ಮೆ ಪರಿಶೀಲನೆ: ಚೆನ್ನಾಗಿದ್ದರೆ ಹಸಿರು ಕಾರ್ಡ್, ಕೊರತೆಯಿದ್ದರೆ ಹಳದಿ, ಕೆಂಪು ಬಂದರೆ ಪಟ್ಟಿಯಿಂದ ಹೊರಗೆ. ಮಕ್ಕಳೆ, ನಿಮ್ಮ ಪರೀಕ್ಷೆಗಿಂತ ಕಠಿಣ! ಮಲೇಷ್ಯಾದ ಲಂಗ್‌ಕಾವಿ ದ್ವೀಪಕ್ಕೆ ಜಿಯೋಪಾರ್ಕ್ ಪಟ್ಟ ಸಿಕ್ಕಿದ್ದು 2007ರಲ್ಲಿ. ನಮ್ಮಲ್ಲಿ ಅಂಥ ಸ್ಥಳಗಳಿಗೆ ಕೊರತೆಯಿಲ್ಲ, ಕೊರತೆ ಕಾನೂನಿನದು. ಯುನೆಸ್ಕೊ ತಾನಾಗಿ ಏನನ್ನೂ ಕಾಯುವುದಿಲ್ಲ, ಆಯಾ ದೇಶದ ಕಾನೂನು ಮೊದಲು ಕಾಯಬೇಕು. ಭೂಪರಂಪರೆಯ ತಾಣಗಳ ರಕ್ಷಣೆಗೆಂದು 2022ರಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆ ಪ್ರಕಟಿಸಿತು. ಕರಡು ಕಲ್ಲನ್ನು ಕಾಯದು.

ಗುಡ್ಡ ಎಂದರೆ ನಮಗೆ ಜಲ್ಲಿ, ಅದಿರು, ಇಲ್ಲವೆ ಗಾಳಿಯಂತ್ರ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಕ್ವಾರಿಯಲ್ಲಿ ದುಡಿದು ಮಕ್ಕಳನ್ನು ಓದಿಸಿದವರು ಈ ಸಭೆಯಲ್ಲೂ ಇದ್ದೀರಿ. ಎಲ್ಲ ಗುಡ್ಡವನ್ನೂ ಬಿಡಿ ಎಂದರೆ ಅನ್ನಕ್ಕೇನು ಎಂದು ನೀವು ಕೇಳುವುದು ನ್ಯಾಯವೇ. ಆದರೆ ಜಲ್ಲಿ ಇನ್ನೊಂದು ಕಡೆ ಸಿಕ್ಕೀತು, ಈ ದಿಂಬು ಒಡೆದರೆ ಮತ್ತೆ ಹುಟ್ಟದು.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಈ ವರ್ಷದ ಒಂಬತ್ತನೇ ತರಗತಿಯ ಪ್ರವಾಸ ಮರಡಿಹಳ್ಳಿಗಾಗಲಿ, ಬರುವಾಗ ಮಾರಿಕಣಿವೆಯನ್ನೂ ನೋಡಬಹುದು. ಬಸ್ಸಿನ ಖರ್ಚು ನಮ್ಮ ಬ್ಯಾಚಿನದು. ಸುತ್ತಿಗೆ ಬೇಡ. ಅಳತೆ ಗೊತ್ತಾಗುವಂತೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಕೆಳಗೆ ನಿಮ್ಮದೇ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಅವನ್ನೆಲ್ಲ ಒಂದು ನಕ್ಷೆಯ ಮೇಲೆ ಕೂರಿಸಿ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತೆ ಮಾಡುವುದು ನನ್ನ ಕೆಲಸ. ಹೊರಡುವ ದಿನ ತಿಳಿಸಿದರೆ ಸಾಕು, ನಾನೂ ಬರುತ್ತೇನೆ.