ಸಾತ್ವಿಕ ಸಂಗಾತಿಯ ಆಕರ್ಷಣೆ



ಕಂಪೆನಿ ನಾಟಕ ನೋಡಿದವರಿಗೆ ಇದು ಗೊತ್ತು: ಚಪ್ಪಾಳೆ ಬೀಳುವುದು ಖಳನಾಯಕನಿಗೆ. ಸಾತ್ವಿಕ ಪಾತ್ರ ರಂಗಕ್ಕೆ ಬಂದರೆ ಜನ ಚಹಾಕ್ಕೆಂದು ಏಳುತ್ತಾರೆ. ರೋಲ್ ಪ್ಲೇಯಿಂಗ್ ಎಂಬ ಬಗೆಯ ಕಂಪ್ಯೂಟರ್ ಆಟಗಳನ್ನು ಬರೆಯುವವರಿಗೂ ಇದೇ ತಲೆನೋವು. ಇಲ್ಲಿ ಆಡುವವರು ತಾವೇ ಒಂದು ಪಾತ್ರವಾಗಿ ಕಥೆಯೊಳಗೆ ಹೊಕ್ಕು ನಡೆಯುತ್ತಾರೆ. ಜೊತೆಗೆ ಕೆಲವು ಸಂಗಾತಿಗಳು. ಅವರು ಮಾತನಾಡುತ್ತಾರೆ, ಜಗಳವನ್ನೂ ಆಡುತ್ತಾರೆ. ಇವರಲ್ಲಿ ಒಳ್ಳೆಯವರು ಬೇಸರ ತರಿಸದಂತೆ ಮಾಡುವುದು ಹೇಗೆ?

ಹಳೆಯ ಉಪಾಯ ಹಾಸ್ಯ. ಕೆನಡಾದ ಬಯೋವೇರ್ ಸಂಸ್ಥೆ ರೂಪಿಸಿದ, 1998ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್’ನಲ್ಲಿ ಮಿನ್ಸ್ಕ್ ಎಂಬ ದೈತ್ಯದೇಹಿ ಇದ್ದಾನೆ. ತಲೆಗೆ ಪೆಟ್ಟು ಬಿದ್ದು ಬುದ್ಧಿ ಅಷ್ಟಕ್ಕಷ್ಟೆ. ಬೂ ಎಂಬ ಪುಟ್ಟ ಹ್ಯಾಮ್‌ಸ್ಟರ್‌ನೊಡನೆ ಸಮಾಲೋಚಿಸಿ ದುಷ್ಟರ ಮೇಲೆ ಬೀಳುವವನು. ಎಲ್ಲರಿಗೂ ಪ್ರಿಯ, ಆದರೆ ಆತನಿಗಾಗಿ ನಮಗೆ ರಾತ್ರಿ ನಿದ್ದೆ ಕೆಡುವುದಿಲ್ಲ.

ನಿದ್ದೆ ಕೆಡಿಸುವವಳು ಕಾರ್ಲಾಕ್. ಬೆಲ್ಜಿಯಂನ ಲಾರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ (2023) ಆಟದವಳು. ತಾನು ನಂಬಿದ್ದ ಒಡೆಯ ಗೋರ್ಟಾಶ್‌ನೇ ಅವಳನ್ನು ನರಕದ ಒಡತಿಗೆ ಮಾರಿದ. ಅಲ್ಲಿ ಅವಳ ಹೃದಯ ಕಿತ್ತು ಉರಿಯುವ ಯಂತ್ರವೊಂದನ್ನು ಇಟ್ಟರು. ಹತ್ತು ವರ್ಷ ಯುದ್ಧ ಮಾಡಿ ತಪ್ಪಿಸಿಕೊಂಡು ಬಂದವಳಿಗೆ ಈ ಲೋಕದ ಎಲ್ಲವೂ ಸಂಭ್ರಮ. ಆದರೆ ಯಾರನ್ನೂ ಮುಟ್ಟುವಂತಿಲ್ಲ, ಮುಟ್ಟಿದರೆ ಅವರು ಸುಡುತ್ತಾರೆ. ಬರೀ ಒಂದು ಅಪ್ಪುಗೆಗೆ ಹಂಬಲಿಸುವ ಇವಳು ಉಪದೇಶ ಮಾಡುವವಳಲ್ಲ. ಅವಳಿಗೆ ಬೇಕಾದದ್ದು ಬಹಳ ಇದೆ, ಬೇಕೆಂದು ನಾಚದೆ ಕೇಳುತ್ತಾಳೆ. ನನ್ನ ಮಟ್ಟಿಗೆ ಗುಟ್ಟು ಇರುವುದು ಇಲ್ಲೇ. ಆಸೆಯೇ ಇಲ್ಲದ ಒಳ್ಳೆಯವರು ಕ್ಯಾಲೆಂಡರಿನ ಚಿತ್ರವಿದ್ದಂತೆ.

ಅವಳ ಒಳ್ಳೆಯತನಕ್ಕೆ ಒಂದು ಗೆರೆಯೂ ಉಂಟು. ನಿರಾಶ್ರಿತರು ಆಶ್ರಯ ಪಡೆದ ತೋಪಿನ ಮೇಲೆ ನೀವು ದಾಳಿ ಮಾಡಿದರೆ ತಂಡ ಬಿಟ್ಟು ಹೊರಟೇಬಿಡುತ್ತಾಳೆ. ನಿಮ್ಮ ಹಂಗು ಅವಳಿಗಿಲ್ಲ.

ಕೊನೆಗೆ ಗೋರ್ಟಾಶ್ ಸಾಯುತ್ತಾನೆ. ಆಗಲೂ ಶಾಂತಿಯಿಲ್ಲ, ಸಾಯಲು ಇಷ್ಟವಿಲ್ಲವೆಂದು ಕಿರುಚುತ್ತಾಳೆ. ಆ ಯಂತ್ರ ನರಕದಾಚೆ ಬಹುಕಾಲ ನಡೆಯದು. ಆಗಸ್ಟ್ 3ರಂದು ಆಟ ಬಂತು. ಅವಳ ಅಂತ್ಯ ಸಾಲದೆಂದು ಆಟಗಾರರು ಗಲಾಟೆ ಮಾಡಿದರು. ಆಗಸ್ಟ್ 31ರಂದು ಲಾರಿಯನ್ ಹೊಸ ದೃಶ್ಯ ಸೇರಿಸಿತು. ಯಂತ್ರವನ್ನು ಮಾತ್ರ ಗುಣಪಡಿಸಲಿಲ್ಲ. ಕಾರ್ಲಾಕ್ ಆಗಿಯೇ ಬದುಕಬೇಕಾದರೆ ಅವಳು ನರಕಕ್ಕೇ ಮರಳಬೇಕು. ಬೇಕಿದ್ದರೆ ನೀವೂ ಜೊತೆಗೆ ಹೋಗಬಹುದು.