ಶಿರ್ಕ್ ಮತ್ತು ನಮ್ಮ ಏಕದೇವನಿಷ್ಠೆ



ಅರಬ್ಬಿಯ ‘ಶಿರ್ಕ್’ ಎಂದರೆ ದೇವರಿಗೆ ಪಾಲುದಾರರನ್ನು ಕೂಡಿಸುವುದು. ಕುರಾನಿನ 4ನೇ ಅಧ್ಯಾಯದ 48ನೇ ಸೂಕ್ತದ ಪ್ರಕಾರ ಇದಕ್ಕೆ ಕ್ಷಮೆಯಿಲ್ಲ. ಬದುಕಿರುವಾಗಲೇ ಪಶ್ಚಾತ್ತಾಪಪಟ್ಟು ಮರಳಿದವನಿಗೆ ಮಾತ್ರ ಬಾಗಿಲು ತೆರೆದಿದೆ ಎಂದು ಅಲ್ಲಿನ ವಿದ್ವಾಂಸರು ವಿವರಿಸುತ್ತಾರೆ.

‘ನಮ್ಮಲ್ಲೂ ಅದೇ ಇದೆ’ ಎನ್ನುವವರಿದ್ದಾರೆ. ಅಷ್ಟು ಸುಲಭವಲ್ಲ. ಬಸವಣ್ಣನವರು ಹಲವು ದೇವರ ಹಂಗು ಬಿಡಿಸಿದ್ದು ನಿಜ. ಆದರೆ ನಾವು ನಿರಾಕಾರದ ಕುರುಹನ್ನು ಅಂಗೈಯಲ್ಲಿಟ್ಟು ಪೂಜಿಸುತ್ತೇವೆ. ಲಿಂಗಾಂಗ ಸಾಮರಸ್ಯವೇ ನಮ್ಮ ಗುರಿ. ಇಸ್ಲಾಮಿನಲ್ಲಿ ಸೃಷ್ಟಿಕರ್ತ ಬೇರೆ, ಸೃಷ್ಟಿ ಬೇರೆ. ಆ ಗೆರೆ ಅಳಿಸುವಂತಿಲ್ಲ. ಈ ಅಂತರವನ್ನು ಮುಚ್ಚಿಡದೆ ಹೇಳುವುದೇ ಇಬ್ಬರಿಗೂ ಮರ್ಯಾದೆ.

ನನ್ನನ್ನು ತಟ್ಟಿದ್ದು ಬೇರೆ ಮಾತು. ಜನ ನೋಡಲೆಂದು ಮಾಡುವ ಆರಾಧನೆಗೆ ‘ರಿಯಾ’ ಎಂದು ಹೆಸರು. ಹದೀಸ್ ಅದನ್ನು ಚಿಕ್ಕ ಶಿರ್ಕ್ ಎನ್ನುತ್ತದೆ. ಅಲ್ಲಿ ದೇವರಿಗೆ ಪಾಲುದಾರರು ಯಾರು? ನೋಡುವ ಜನ, ಹೊಗಳಿಸಿಕೊಳ್ಳುವ ನಾನು! ಸರ್ಕಾರಿ ಎಂಜಿನಿಯರಾಗಿ ಎಷ್ಟೋ ಶಂಕುಸ್ಥಾಪನೆಯ ಕಲ್ಲು ನೆಡಿಸಿದ್ದೇನೆ. ಹೆಸರಿನ ಅಕ್ಷರ ಸಣ್ಣದಾಯಿತೆಂದು ಮುನಿದವರನ್ನೂ ಕಂಡಿದ್ದೇನೆ. ಈಗ ದಾಸೋಹದ ಮನೆಯ ಗೋಡೆಗೂ ಅಂಥವೇ ಫಲಕಗಳು. ನೆರೆಮನೆಯ ಜಗಲಿಯ ಮೇಲಿನ ದೇವರುಗಳನ್ನು ಎಣಿಸುವ ನಾವು ಇವನ್ನು ಎಣಿಸಿದ್ದೇವೆಯೇ? ಮುಂದಿನ ಶ್ರಾವಣದ ದಾಸೋಹಕ್ಕೆ ಕೊಡುವವರು ಹೆಸರು ಬರೆಸದೆ ಕೊಡಲಿ ಎಂಬುದು ನನ್ನ ಬಿನ್ನಹ.